ದೈಕೊಕುವಿನ ಸುತ್ತಳತೆ

"ಇನ್ನೊಂದು ಚೂರು ಎಳೀಲಾ?" ಕುದುರೆಯ ಆಚೆ ಬದಿಯಿಂದ ಡಾಕ್ಟರ್ ಕುಶಿಬಿಕಿಯ ದನಿ ಬಂತು.

"ಬೇಡ ಡಾಕ್ಟ್ರೇ, ಬಿಗಿಯಾಗೇ ಇದೆ," ಎಂದ ಒನೊದೆರಾ.

ಅಳತೆಪಟ್ಟಿ ಬಿಗಿಯಾಗಿದ್ದದ್ದು ನಿಜ. ಆದರೆ ಪಟ್ಟಿಗೂ ಕುದುರೆಯ ಎದೆಗೂ ನಡುವೆ, ದಪ್ಪ ಚರ್ಮದ ಕೈಗವಸು ತೊಟ್ಟ ಅವನ ಬಲಮುಷ್ಟಿ ಇತ್ತು.

ಕುದುರೆಯ ಬೆನ್ನು ಡಾಕ್ಟರ ತಲೆಗಿಂತ ಒಂದು ಗೇಣು ಎತ್ತರ. ಈಚೆ ಬದಿಯಲ್ಲಿ ನಡೆಯುವುದು ಅವರಿಗೆ ಕಾಣುವಂತಿರಲಿಲ್ಲ. ಹಾಗೆಂದು ಒನೊದೆರಾ ಮೋಸ ಮಾಡಲು ಹೊರಟವನೂ ಅಲ್ಲ. ಪಟ್ಟಿ ಹೊಟ್ಟೆಯಡಿಯಿಂದ ಬಂದದ್ದೇ ತಡ, ಮುಷ್ಟಿ ತಾನಾಗಿಯೇ ಒಳಗೆ ಹೋಗಿತ್ತು. ತೊಕಾಚಿ ಸೀಮೆಯ ಕುದುರೆಸಂತೆಗಳಲ್ಲಿ ಅವನ ಅಪ್ಪನ ಮುಷ್ಟಿಯೂ ಹೀಗೇ ಹೋಗುತ್ತಿತ್ತು. ಕೊಳ್ಳುವವರಿಗೂ ಅದು ಗೊತ್ತು. ಅವರು ಮನಸ್ಸಿನಲ್ಲೇ ಒಂದು ಮುಷ್ಟಿ ಕಳೆದು ಮಾತಿಗೆ ಕೂರುತ್ತಿದ್ದರು. ಯಾರಿಗೂ ನಷ್ಟವಿರಲಿಲ್ಲ. ಆದರೆ ಕುಶಿಬಿಕಿ ಒಸಾಕಾದಿಂದ ಬಂದವರು. ಪಟ್ಟಿ ತೋರಿಸಿದ್ದನ್ನು ನಂಬುವವರು.

"ಸಾವಿರದ ತೊಂಬತ್ತನಾಲ್ಕು ಕಿಲೋ," ಎಂದು ಅವರು ಎದೆಯ ಸುತ್ತಳತೆಯಿಂದ ತೂಕದ ಲೆಕ್ಕ ಹಾಕಿ ಗೋಡೆಯ ಹಲಗೆಯ ಮೇಲೆ ಬರೆದರು.

ಬಾಗಿಲಿಗೊರಗಿ ಡಬ್ಬಿ ಕಾಫಿ ಕುಡಿಯುತ್ತಿದ್ದ ಯೊಕೊಟೆ ಹುಬ್ಬೇರಿಸಿದ. ಅವನದೂ ಕುದುರೆಲಾಯ, ಒನೊದೆರಾನ ಲಾಯದಿಂದ ಎರಡು ಬಾಗಿಲು ಆಚೆ. ಒನೊದೆರಾನ ಲಾರಿ ಚಳಿಗೆ ಚಾಲೂ ಆಗದ ಕಾರಣ ಬೆಳಿಗ್ಗೆ ತನ್ನ ಕುದುರೆ ದೈಕೊಕುವನ್ನು ಯೊಕೊಟೆಯ ಲಾರಿಯಲ್ಲಿ ಆಸ್ಪತ್ರೆಗೆ ತರಬೇಕಾಗಿತ್ತು. ಇಡೀ ಜಿಲ್ಲೆಯಲ್ಲಿ ಒನೊದೆರಾ ಯಾರ ಉಪಕಾರ ಬೇಡವೆಂದುಕೊಂಡಿದ್ದನೋ ಆ ಮನುಷ್ಯ ಅವನೇ.

"ಎರಡು ತಿಂಗಳು ಕುಂಟುತ್ತಾ ನಿಂತಿದ್ದ ಕುದುರೆ ಎಂಟು ಕಿಲೋ ಹೆಚ್ಚಾಗಿದೆ ಅನ್ನು," ಎಂದ ಯೊಕೊಟೆ. "ಏನು ಹಾಕ್ತೀಯೋ? ನಮಗೂ ಒಂದಿಷ್ಟು ಹೇಳು."

"ಹಾಕೋದಲ್ಲ ಕಣೋ, ನೋಡ್ಕೊಳೋದು. ನಿನಗದು ಬರಲ್ಲ ಬಿಡು."

ದೈಕೊಕು ಕಬ್ಬಿಣದ ಬಂಡಿ ಎಳೆಯುವ ಪಂದ್ಯದ ಕುದುರೆ. ಹಿಂಗಾಲಿನ ಗೆಣ್ಣಿನೊಳಗೆ ಅಲಸಂದೆ ಕಾಳಿನಷ್ಟು ಮೂಳೆಚೂರು ಸಿಕ್ಕಿಕೊಂಡಿತ್ತು. ಇವತ್ತು ಅದನ್ನು ತೆಗೆಯಬೇಕು. ತೆಗೆದರೆ ವಸಂತಕ್ಕೆ ಮತ್ತೆ ಎಳೆದೀತು. ಎಳೆಯದ ಕುದುರೆಯ ದಾರಿ ಮಾಂಸದ ಲಾರಿಗೆ. ಒನೊದೆರಾ ಹದಿಮೂರು ಕುದುರೆಗಳನ್ನು ಆ ಲಾರಿಗೆ ಹತ್ತಿಸಿದ್ದ. ಹದಿನಾಲ್ಕನೆಯದಾಗಿ ಇದನ್ನು ಹತ್ತಿಸುವ ಮನಸ್ಸು ಅವನಿಗಿರಲಿಲ್ಲ.

ನವೆಂಬರಿನ ಕೊನೆಯ ಪಂದ್ಯದ ದಿನ ಮೈದಾನದ ಹಲಗೆಯ ಮೇಲೆ ತೂಕ 1,086 ಎಂದು ಬರೆದಿದ್ದರು. ಆಮೇಲೆ ನೋವಿಗೆ ಮೇವು ಬಿಟ್ಟಿತು. ಓಟ್ಸ್ ಬೇಯಿಸಿ ಹಾಕಿದ, ಸಕ್ಕರೆ ಬೀಟ್‌ರೂಟು ಹಾಕಿದ, ಹೆಂಡತಿಗೆ ಗೊತ್ತಾಗದ ಹಾಗೆ ಕೆಂಪು ಕಾಳಿನ ಸಿಹಿ ಕಡುಬೂ ಹಾಕಿದ. ದೈಕೊಕು ಮೂಸಿ, ನಿಟ್ಟುಸಿರು ಬಿಟ್ಟು ಗೋಡೆಗೆ ಮುಖ ಮಾಡುತ್ತಿತ್ತು. ಚಳಿಗಾಲದ ಉದ್ದ ಕೂದಲೂ ಎರಡು ಕಂಬಳಿಯೂ ಉಳಿದದ್ದನ್ನು ಮುಚ್ಚಿದ್ದವು. ಊರ ಬಿಸಿನೀರ ಸ್ನಾನದಮನೆಯಲ್ಲಿ, ಕತ್ತಿನವರೆಗೆ ನೀರಿನಲ್ಲಿ ಕೂತು, "ನನ್ನ ಕುದುರೆ ತೂಕ ಇಳಿಯೋದು ಅಂತ ಇಲ್ಲ" ಎಂದು ಒನೊದೆರಾ ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದ.

ಆಸ್ಪತ್ರೆಯ ತೂಕದ ಕಟ್ಟೆ ಸಾವಿರ ಕಿಲೋವರೆಗೆ ಮಾತ್ರ ತೂಗುತ್ತಿತ್ತು. ತೆಳುಕಾಲಿನ ರೇಸ್ ಕುದುರೆಗಳಿಗಾಗಿ ತರಿಸಿದ್ದು. ಅದಕ್ಕೇ ಪಟ್ಟಿ.

ಕುಶಿಬಿಕಿ ಸಿರಿಂಜಿಗೆ ಔಷಧಿ ಎಳೆಯತೊಡಗಿದರು. ಶಸ್ತ್ರಚಿಕಿತ್ಸೆ ಮಾಡುವವರು ಬೇರೆ. ಇವರದು ಅರಿವಳಿಕೆಯ ಕೆಲಸ.

"ಇದು ನಿದ್ದೆ ಔಷಧಿನಾ?" ಒನೊದೆರಾ ಕೇಳಿದ.

"ನಿದ್ದೆಗೆ ಮುಂಚಿನದು. ಮಂಪರು ಬರಿಸೋದು. ಇದಿಲ್ಲದೆ ಮಲಗಿಸೋಕೆ ಹೋದ್ರೆ ಬಿದ್ದು ಒದ್ದಾಡ್ತಾನೆ." ಅವರು ಸಿರಿಂಜನ್ನು ಬೆಳಕಿಗೆ ಹಿಡಿದರು. "ಆದರೆ ಇದಕ್ಕೆ ಹೃದಯದ ಮೇಲೆ ಸ್ವಲ್ಪ ಕೋಪ. ಈಗ ನಿಮಿಷಕ್ಕೆ ಮೂವತ್ನಾಲ್ಕು ಬಡೀತಿದೆಯಲ್ಲ, ಅದು ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ ಇಳಿಯತ್ತೆ. ಪಂಪು ನಿಧಾನವಾದ್ರೆ ರಕ್ತ ಕಡಿಮೆ. ಇಷ್ಟು ದೊಡ್ಡ ಪ್ರಾಣಿ ಒಂದೇ ಮಗ್ಗುಲಲ್ಲಿ ಎರಡು ಗಂಟೆ ಮಲಗಿದ್ರೆ, ಕೆಳಗಿನ ಮಾಂಸಕ್ಕೆ ರಕ್ತ ಮುಟ್ಟದೆ ಅದು ಕೆಡತ್ತೆ. ಆಮೇಲೆ ಕಾಲು ಚೆನ್ನಾಗಾಗಿದ್ರೂ ಎದ್ದು ನಿಲ್ಲೋಕಾಗಲ್ಲ."

"ಎದ್ದು ನಿಲ್ಲದಿದ್ರೆ?"

ಕುಶಿಬಿಕಿ ಸಿರಿಂಜಿನೊಳಗಿನ ಗುಳ್ಳೆಯನ್ನು ಬೆರಳಿನಿಂದ ತಟ್ಟಿದರು. "ಅದಕ್ಕೇ ತೂಕಕ್ಕೆ ಸರಿಯಾಗಿ, ಆದಷ್ಟು ಕಡಿಮೆ ಕೊಡೋದು," ಎಂದರು.

ಒನೊದೆರಾ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಹತ್ತು ಕಿಲೋ ಹೆಚ್ಚುಕಡಿಮೆ ಆದ್ರೆ?"

"ಏನೂ ಆಗಲ್ಲ."

"ಐವತ್ತು?"

ಡಾಕ್ಟರು ತಿರುಗಿ ನೋಡಿದರು. ಯೊಕೊಟೆಯೂ ಕಾಫಿ ಡಬ್ಬಿಯನ್ನು ತುಟಿಯಿಂದ ತೆಗೆದ.

"ಯಾಕೆ?"

"ಸುಮ್ನೆ ಕೇಳ್ದೆ." ಒನೊದೆರಾ ಕಿಟಕಿಯ ಹೊರಗಿನ ಹಿಮವನ್ನು ನೋಡಿದ. "ಡಾಕ್ಟ್ರೇ, ಆ ಪಟ್ಟಿ ಹಳೇದೇನೋ. ಚಳಿಗೆ ಕುಗ್ಗಿರಬಹುದು."

"ಹೋದ ತಿಂಗಳು ತಂದದ್ದು. ಕುಗ್ಗಿದ್ರೆ ತೂಕ ಹೆಚ್ಚು ತೋರಿಸತ್ತೆ."

"ಅದೇ ನಾನೂ ಹೇಳ್ತಿರೋದು."

ಕುಶಿಬಿಕಿ ಕುದುರೆಯ ಕತ್ತಿನ ರಕ್ತನಾಳದಲ್ಲಿ ಮೊದಲೇ ಕೂರಿಸಿದ್ದ ನಳಿಕೆಗೆ ಸಿರಿಂಜನ್ನು ಜೋಡಿಸಿದರು. ಹೆಬ್ಬೆರಳು ಒತ್ತುಗುಂಡಿಯ ಮೇಲೆ ಕೂತಿತು.

"ತಾಳಿ! ಪಟ್ಟಿ ಸರಿ ಇದೆ," ಎಂದು ಒನೊದೆರಾ ಕೂಗಿದ. ದೈಕೊಕು ಕಿವಿ ನಿಮಿರಿಸಿತು. "ನನ್ನ ಮುಷ್ಟಿ ಸರಿ ಇಲ್ಲ."

ಅವನು ಬಲಗೈ ಮುಂದೆ ಚಾಚಿದ, ತಪ್ಪಿತಸ್ಥನನ್ನು ಹಿಡಿದು ತಂದವನ ಹಾಗೆ. ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯೊಕೊಟೆಗೆ ಹಿಡಿಯಲಿಲ್ಲ, ಅವನು ಆಗಲೇ ಮುಖ ಬಾಗಿಲ ಕಡೆ ತಿರುಗಿಸಿದ್ದ, ಹೆಗಲು ಕುಣಿಯುತ್ತಿತ್ತು.

"ಪಟ್ಟಿಯೊಳಗಾ?"

"ಅಭ್ಯಾಸ ಡಾಕ್ಟ್ರೇ. ಅದೇ ಹೋಗಿಬಿಡತ್ತೆ."

"ಗವಸು ಸಮೇತನಾ?"

"ಸಮೇತ."

ಕುಶಿಬಿಕಿ ಬೈಯಲಿಲ್ಲ. ಸಿರಿಂಜು ಕಳಚಿ ಕೆಳಗಿಟ್ಟು, ಅವನ ಮುಷ್ಟಿಗೆ ಪಟ್ಟಿ ಸುತ್ತಿ ಅಳತೆ ನೋಡಿದರು. ಒನೊದೆರಾನಿಗೆ ಬೈದಿದ್ದರೇ ವಾಸಿ ಅನ್ನಿಸಿತು. ಕೊನೆಗೆ ತಲೆಯಾಡಿಸಿ, "ಪಟ್ಟಿಯ ಸಹವಾಸ ಬೇಡ, ಕಟ್ಟೆ ಹತ್ತಿಸಿ," ಎಂದರು.

"ಮುರಿದುಬಿದ್ರೆ?" ಎಂದು ಒನೊದೆರಾ ಕೊನೆಯ ಸಲ ಪ್ರಯತ್ನಿಸಿದ.

"ಮುರಿಯಲಿ."

ಕಂಬಳಿ ಎರಡೂ ಇಳಿದವು. ದೈಕೊಕು ಕುಂಟುತ್ತಾ ಕಟ್ಟೆ ಹತ್ತಿತು. ಕೆಂಪು ಅಂಕಿಗಳು ಓಡಿ, ತಡವರಿಸಿ, 968ಕ್ಕೆ ನಿಂತವು. ಡೊಳ್ಳುಹೊಟ್ಟೆಯ ಸಿರಿದೇವರು ದೈಕೊಕುವಿನ ಹೆಸರು ಹೊತ್ತ ಕುದುರೆ ನೂರಹದಿನೆಂಟು ಕಿಲೋ ಕಳೆದುಕೊಂಡು ಯಂತ್ರಕ್ಕೆ ಸರಿಯಾಗಿ ಹೊಂದಿಕೊಂಡಿತ್ತು.

ಒನೊದೆರಾ ಕಟ್ಟೆಯ ಅಂಚನ್ನೇ ನೋಡುತ್ತಿದ್ದ. ಇವತ್ತು ಸಂಜೆಯೊಳಗೆ ಸ್ನಾನದಮನೆಯ ನೀರೆಲ್ಲ ಈ ಅಂಕಿಯನ್ನೇ ಮಾತಾಡುತ್ತದೆ.

ಯೊಕೊಟೆ ಹತ್ತಿರ ಬಂದು ಅಂಕಿಯನ್ನು ಬಗ್ಗಿ ನೋಡಿದ. ಎದುರಿಗೇ ಎದ್ದುಕಾಣುತ್ತಿದ್ದ ಪಕ್ಕೆಲುಬುಗಳನ್ನೂ ನೋಡಿದ. ಆಮೇಲೆ, "ಈ ಚಳಿಗೆ ತೂಕದ ಯಂತ್ರಗಳು ಕಡಿಮೆನೇ ತೋರ್ಸೋದು," ಎಂದ.

"ಶುಕ್ರವಾರ ತಾನೇ ಸರಿನೋಡಿ ಹೋಗಿದ್ದಾರೆ," ಎಂದರು ಕುಶಿಬಿಕಿ.

"ಶುಕ್ರವಾರ ಇಷ್ಟು ಚಳಿ ಇರಲಿಲ್ಲ ಡಾಕ್ಟ್ರೇ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಹಲಗೆಯ ಅಂಕಿ ಅಳಿಸಿ ಹೊಸದು ಬರೆದರು. ಸಿರಿಂಜಿನಿಂದ ಒಂದಿಷ್ಟು ಔಷಧಿ ಹೊರಗೆ ಹೋಯಿತು.

ಔಷಧಿ ಒಳಹೋಗಿ ಐದು ನಿಮಿಷಕ್ಕೆ ದೈಕೊಕುವಿನ ತಲೆ ಮೊಣಕಾಲಿನ ಮಟ್ಟಕ್ಕೆ ಇಳಿಯಿತು, ಕೆಳದುಟಿ ಜೋತಿತು. ಕುಶಿಬಿಕಿ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಅದನ್ನು ಒನೊದೆರಾನ ಕಿವಿಗೆ ಕೊಟ್ಟರು. ಡೋಲಿನ ಹಾಗೆ ಬಡಿತ. ಇನ್ನೊಂದು. ಇನ್ನೊಂದು. ಆಮೇಲೆ ಏನೂ ಇಲ್ಲ.

"ನಿಂತೋಯ್ತು! ಡಾಕ್ಟ್ರೇ, ನಿಂತೋಯ್ತು!"

"ಕಾಯಿರಿ."

ಅವನು ಕಾದ. ಅಷ್ಟು ಹೊತ್ತಿನಲ್ಲಿ ಹದಿಮೂರು ಕುದುರೆಗಳೂ ಒಂದೊಂದಾಗಿ ಕಣ್ಣ ಮುಂದೆ ಲಾರಿ ಹತ್ತಿದವು. ಆಮೇಲೆ ಬಡಿತ ಬಂತು, ಏನೂ ಆಗಿಲ್ಲವೆಂಬಂತೆ.

"ಈ ಔಷಧಿಗೆ ಹಾಗೇ, ನಡುನಡುವೆ ಒಂದೊಂದು ಬಡಿತ ತಪ್ಪತ್ತೆ. ಈಗ ಇಪ್ಪತ್ತಾರು. ನನಗೆ ಸಾಕು," ಎಂದರು ಕುಶಿಬಿಕಿ. "ಆ ಮುಷ್ಟಿಯ ಪಾಲೂ ಒಳಗೆ ಹೋಗಿದ್ರೆ ನಾನೂ ನಿಮ್ಮ ಜೊತೆ ಕಿರುಚ್ತಿದ್ದೆ."

ಮೂಳೆಚೂರು ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಗಾಜಿನ ಆಚೆ ಪರದೆಯ ಮೇಲೆ ಎದೆಬಡಿತದ ಹಸಿರು ಗೆರೆ ಏಳುತ್ತಾ ಬೀಳುತ್ತಾ ಹೋಯಿತು. ಗೆರೆ ಏಳುವಾಗಲೆಲ್ಲ ಒನೊದೆರಾ ಉಸಿರು ತೆಗೆದುಕೊಂಡ. "ಹೀಗೇ ಮಾಡ್ತಿದ್ರೆ ನಿನ್ನನ್ನೂ ಅಲ್ಲೇ ಮಲಗಿಸಬೇಕಾಗತ್ತೆ," ಎಂದು ಯೊಕೊಟೆ ಅವನ ಕೈಗೊಂದು ಅನ್ನದ ಉಂಡೆ ತುರುಕಿದ.

ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ದೈಕೊಕು ಮುಕ್ಕಾಲು ಗಂಟೆ ಮಲಗಿತ್ತು. ಮೊದಲ ಸಲ ಎದ್ದು ಮುಗ್ಗರಿಸಿತು. ಎರಡನೇ ಸಲ ನಾಲ್ಕೂ ಕಾಲು ಅಗಲಿಸಿ, ಕುಡುಕನಂತೆ ತೂಗಾಡಿ, ನಿಂತಿತು. ಒನೊದೆರಾ ಡಾಕ್ಟರಿಗೆ ಎಷ್ಟು ಬಗ್ಗಿ ನಮಸ್ಕರಿಸಿದನೆಂದರೆ ಟೋಪಿ ಬಿತ್ತು.

"ಇನ್ನೂ ಮುಗಿದಿಲ್ಲ. ಮಲಗಿದ್ದ ಕರುಳೂ ಏಳಬೇಕು. ಲದ್ದಿ ಹಾಕೋವರೆಗೂ ಮನೆಗೆ ಕಳಿಸಲ್ಲ," ಎಂದರು ಕುಶಿಬಿಕಿ.

ಮೂವರೂ ಆಸ್ಪತ್ರೆಯ ಲಾಯದಲ್ಲಿ ಕುದುರೆಯ ಹಿಂದೆ ನಿಂತು ಕಾದರು. ಮೂರೂವರೆಯ ಹೊತ್ತಿಗೆ ದೈಕೊಕು ಬಾಲ ಎತ್ತಿತು. ಮೂರು ತಲೆಗಳು ಒಟ್ಟಿಗೆ ಮುಂದೆ ಬಾಗಿದವು. ಲದ್ದಿ ಹುಲ್ಲಿನ ಮೇಲೆ ಬಿದ್ದು ಬಿಸಿನೀರ ಬುಗ್ಗೆಯ ಹಾಗೆ ಹೊಗೆಯಾಡಿತು.

"ಬಂತಪ್ಪಾ!" ಎಂದ ಯೊಕೊಟೆ.

ಡಾಕ್ಟರು ಗಡಿಯಾರ ನೋಡಿ ಹಾಳೆಯಲ್ಲಿ ಹೊತ್ತು ಬರೆದರು. "ಎಷ್ಟು ಅಂತಲೂ ಬರೀಬೇಕು. ಎಷ್ಟಿರಬಹುದು ಒನೊದೆರಾ ಅವರೇ, ಮುಷ್ಟಿಯ ಪಾಲು ಬಿಟ್ಟು?"

ಒನೊದೆರಾ ಸಲಿಕೆಯಲ್ಲಿ ಅಷ್ಟನ್ನೂ ಎತ್ತಿದ. ಕಣ್ಣು ಮುಚ್ಚಿ, ಕೈಯನ್ನು ಮೇಲೆ ಕೆಳಗೆ ಆಡಿಸಿ ಭಾರ ನೋಡಿದ. ಯೊಕೊಟೆ ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡುತ್ತಿದ್ದ. ಒನೊದೆರಾ ಮತ್ತೊಮ್ಮೆ ತೂಗಿ ನೋಡಿದ. ಆವಿ ಅವನ ಗಡ್ಡವನ್ನು ಹಾದು ಮೇಲೇರುತ್ತಿತ್ತು.