ಆರಾದ ಮೇಲೆ

ಹಸಿರು ಮಣಿ ಮೇಜಿನ ಅಂಚಿಗೆ ಉರುಳುತ್ತಿದೆ, ಬಿದ್ದೇ ಹೋಯಿತು ಅನ್ನುವಷ್ಟರಲ್ಲಿ ಅನುಷಾ ಅಂಗೈ ಅಡ್ಡ ಇಟ್ಟಳು, ಭಲೇ ನನ್ನ ಮಗಳೇ, ಇದನ್ನೂ ಬರೆದುಕೊಳ್ಳಿ ಮೇಡಂ, ಬರೀ ತಪ್ಪಿದ್ದನ್ನೇ ಯಾಕೆ ಬರೆಯುತ್ತೀರಿ — ಬಾಯಿಬಿಟ್ಟು ಹೇಳುವಂತಿಲ್ಲ, ಒಳಗೆ ಬರುವಾಗಲೇ ಶೃತಿ ಮೇಡಂ ಹೇಳಿಯಾಗಿದೆ, ನೀವು ಪಕ್ಕದಲ್ಲಿ ಕೂತಿರಿ ಅಂಬರೀಶ್, ಮಗೂಗೆ ಏನೂ ಹೇಳಿಕೊಡಬೇಡಿ. ಸರಿ ಮೇಡಂ ಅಂದೆ. ನಾನು ಎಲ್ಲದಕ್ಕೂ ಸರಿ ಅನ್ನುವವನೇ, ಬಡವನಹಳ್ಳಿಯ ನೀರುಗಂಟಿ, ಹನ್ನೊಂದು ವರ್ಷದಿಂದ ವಾಲ್ವು ತಿರುಗಿಸುತ್ತ, ಬತ್ತದೆ ಕಣಮ್ಮ, ಈಗ ಬತ್ತದೆ, ಬಿಂದಿಗೆ ಇಡು ಅಂತ ಬೀದಿಬೀದಿಗೆ ಹೇಳಿಕೊಂಡು ಬಂದವನು, ಮೋಟರು ಸುಟ್ಟುಹೋಗಿದ್ದ ದಿನವೂ ಹಾಗೇ ಹೇಳಿದ್ದೇನೆ, ನೀರು ಬರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಯಾರಿಗೆ ಏನು ಸಿಗುತ್ತೆ. ಈ ಮೇಡಂ ತಿಂಗಳಿಗೊಂದು ದಿನ ಬೆಂಗಳೂರಿನಿಂದ ಶಿರಾಕ್ಕೆ ಬಂದು ಈ ಕ್ಲಿನಿಕ್ಕಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆ ಮಾಡುವವರು, ಒಳ್ಳೆಯ ಹುಡುಗಿ, ನಿನ್ನ ಚಪ್ಪಲಿ ಎಷ್ಟು ಚೆನ್ನಾಗಿದೆ ಅಂತ ಅನುಷಾಳನ್ನು ಮಾತಾಡಿಸಿದರು, ಆದರೆ ಆ ಪೆನ್ನು, ಆ ಪೆನ್ನು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹೊರಗೆ ಬೆಂಚಿನ ಮೇಲೆ ಬುರ್ಖಾ ತೊಟ್ಟ ತಾಯಿಯೊಬ್ಬಳು ಬೈಠೊ ಬೇಟಾ, ಬೈಠೊ ಅಂತ ಮಗನನ್ನು ಕೂರಿಸಲು ರಮಿಸುತ್ತಿದ್ದಾಳೆ, ಅವನೂ ಹೀಗೇನಾ, ಎಷ್ಟು ಮಕ್ಕಳಿದ್ದಾವೆ ಹೀಗೆ, ನಮ್ಮ ಮನೆಗೊಂದೇ ಬಂದದ್ದು ಅಂದುಕೊಂಡಿದ್ದೆ ನಾನು.

ಈ ರಿಪೋರ್ಟು ಹೋಗಬೇಕಾದದ್ದು ನ್ಯೂಜಿಲೆಂಡಿಗೆ. ವೇದಾವತಿ ಅಲ್ಲಿಗೆ ನರ್ಸಾಗಿ ಹೋಗಿ ಒಂದೂವರೆ ವರ್ಷವಾಯಿತು, ಎಂಡ್ತಿ ಫಾರಿನ್ನು, ಗಂಡ ವಾಲ್ವು ಅಂತ ನಮ್ಮೂರ ಅಡವಯ್ಯ ಅಂಗಡಿ ಮುಂದೆ ಎಲ್ಲರೆದುರಿಗೆ ಆಡಿಕೊಳ್ಳುತ್ತಾನೆ, ನಾನೂ ನಗುತ್ತೇನೆ, ಮನೆಗೆ ಬಂದು ಬೀರುವಿನ ಬಾಗಿಲು ತೆಗೆದು ಅವಳ ಸೀರೆಗಳ ಮುಂದೆ ಸುಮ್ಮನೆ ನಿಲ್ಲುವುದು ಅವನಿಗೇನು ಗೊತ್ತು. ಈಗ ನಮ್ಮಿಬ್ಬರನ್ನು ಕರೆಸಿಕೊಳ್ಳಬೇಕು, ಅರ್ಜಿಯಲ್ಲಿ ಮಗಳು ಕಲಿಕೆಯಲ್ಲಿ ತುಂಬಾ ಹಿಂದೆ ಅಂತ ಅವಳೇ ಬರೆದುಬಿಟ್ಟಳು, ಯಾರೇ ಕೇಳಿದ್ರು ನಿನ್ನ. ಹಾಗಾದರೆ ಪರೀಕ್ಷೆ ಮಾಡಿಸಿ ರಿಪೋರ್ಟು ಕಳಿಸಿ ಅಂದರು ವೀಸಾದವರು. ತೀರಾ ಕೆಟ್ಟ ರಿಪೋರ್ಟು ಬಂದರೆ ಮಗುವಿಗೆ ವೀಸಾ ಕೊಡದೆಯೂ ಇರಬಹುದಂತೆ. ಇದ್ದಿದ್ದು ಇದ್ದಂಗೆ ಬರೀಲಿ ಕಣ್ರೀ, ಇಲ್ಲಿ ಇಂಥ ಮಕ್ಕಳ ಪಕ್ಕ ಕೂತ್ಕೊಂಡು ಹೇಳಿಕೊಡಕ್ಕೇ ಟೀಚರ್ ಇರ್ತಾರೆ, ಸುಳ್ಳು ಹೇಳಿ ಕರ್ಕೊಂಡು ಬಂದ್ರೆ ಆ ಮಗು ಕೊನೇ ಬೆಂಚಲ್ಲಿ ಕಣ್ಣುಕಣ್ಣು ಬಿಡ್ತಾ ಕೂರುತ್ತೆ ಅಂದಳು ವೇದಾ ಫೋನಿನಲ್ಲಿ. ಇದ್ದಿದ್ದು ಬರೆದ್ರೆ ಬೆಂಚೇ ಸಿಗಲ್ವಲ್ಲೇ ಅಂದೆ, ಅವಳು ಅತ್ತಳು, ನಾನು ನೆಟ್‌ವರ್ಕ್ ಇಲ್ಲ ಅಂತ ಫೋನಿಟ್ಟೆ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಅವ್ವನದು ಇನ್ನೊಂದು ರಾಗ, ಮಗೀನ ನನ್ ತಾವ ಬುಟ್ಬುಟ್ಟು ನೀನು ಒಂಟೋಗ್ಲಾ, ಗಂಡ ಎಂಡ್ತಿ ಒಂದೊಂದು ದಿಕ್ಕಾದ್ರೆ ಅದೆಂಥ ಬಾಳು, ನಾನ್ ನೋಡ್ಕತೀನಿ. ನೋಡಿಕೊಳ್ಳುತ್ತಾಳೆ, ನಮ್ಮವ್ವ ದೊಡ್ಡಕ್ಕ ಅಂದರೆ ಎಂಥವಳು ಅಂತ ಊರಿಗೇ ಗೊತ್ತು, ಆದರೆ ಅವ್ವನಿಗೆ ಎಪ್ಪತ್ತೆರಡು, ಮಂಡಿ ಹಿಡಿದುಕೊಂಡರೆ ಹಿತ್ತಲಿಗೆ ಹೋಗುವುದಕ್ಕೂ ಅನುಷಾಳ ಹೆಗಲು ಬೇಕು.

ಶಾಲೆಯ ಅಂಕಪಟ್ಟಿ ನೋಡಿದರೆ ನನ್ನ ಮಗಳು ಕಲೆಕ್ಟರ್ ಆಗಬೇಕು, ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಎಲ್ಲಾ ಎ ಪ್ಲಸ್, ಜಗದಾಂಬ ಟೀಚರ್ ಹಾಕಿಕೊಟ್ಟದ್ದು, ಆ ಮುಖ ನೋಡ್ಕೊಂಡು ಬೇರೆ ಹಾಕಕ್ಕೆ ಮನಸ್ಸು ಬರಲ್ಲ ಅಂಬರೀಶಣ್ಣ, ದಿನಾ ಬಂದು ನನ್ನ ಟೇಬಲ್ ಒರೆಸ್ತಾಳೆ. ಅವರೂ ನನ್ನ ಜಾತಿಯವರೇ, ಬತ್ತದೆ ಬತ್ತದೆ ಅನ್ನುವ ಜಾತಿ. ಅದನ್ನು ಲ್ಯಾಮಿನೇಷನ್ ಮಾಡಿಸಿ ತಂದಿದ್ದೆ, ಶೃತಿ ಮೇಡಂ ಒಮ್ಮೆ ನೋಡಿ ಮಗುಚಿ ಇಟ್ಟರು. ಪರವಾಗಿಲ್ಲ, ಒಂದು ತಿಂಗಳಿನಿಂದ ಹುಣಸೆಬೀಜ ಇಟ್ಟುಕೊಂಡು ಹತ್ತರವರೆಗೆ ಎಣಿಸುವುದು ಕಲಿಸುತ್ತಿದ್ದೇನೆ, ಒಂದು ಅನ್ನು, ಎರಡು ಅನ್ನು, ಸಿಟ್ಟು ಬಂದು ಒಂದು ದಿನ ಬೀಜಗಳನ್ನೆಲ್ಲ ಬೀದಿಗೆ ಎಸೆದುಬಿಟ್ಟೆ, ಅವಳು ಹೋಗಿ ಒಂದೊಂದೇ ಹೆಕ್ಕಿಕೊಂಡು ಬಂದು ಲಂಗದಲ್ಲಿ ಒರೆಸಿ ನನ್ನ ಮುಂದೆಯೇ ಇಟ್ಟಳು. ಥೂ ನನ್ನ ಬಾಳಿಗೆ ಅನ್ನಿಸಿತ್ತು ಆವತ್ತು.

ಎಷ್ಟು ಮಣಿ ಇದೆ, ಎಣಿಸಿ ಹೇಳು ಪುಟ್ಟ ಅಂತಿದ್ದಾರೆ, ತಟ್ಟೆಯಲ್ಲಿ ಒಂಬತ್ತು, ನಾನು ಎಣಿಸಿಯಾಯಿತು, ಅನುಷಾ ಬೆರಳನ್ನು ಮೊದಲ ಮಣಿಯ ಮೇಲೆ ಒತ್ತಿದಳು, ನನ್ನ ಕಡೆ ನೋಡಿದಳು, ಹೇಳವ್ವ, ಒಂದು ಅನ್ನು — ಲಾಭ, ಅಂದಳು. ಪೆನ್ನು ಅಲ್ಲಾಡಿತು. ಎರಡು, ಮೂರು, ಸರಿಯಾಗಿಯೇ ಹೋಗುತ್ತಿದ್ದಾಳೆ, ಆದರೆ ಮೇಡಂ ಬರೆದಾಯಿತಲ್ಲ, ತಡೆಯಲಾಗಲಿಲ್ಲ, ಮೇಡಂ ತಪ್ಪು ತಿಳ್ಕೋಬೇಡಿ, ಅದು ಅವ್ವ ಹೇಳಿಕೊಟ್ಟಿದ್ದು, ನಮ್ಮ ಕಡೆ ರಾಗಿ ಅಳೀವಾಗ ಮೊದಲನೇ ಸೇರಿಗೆ ಒಂದು ಅನ್ನಲ್ಲ, ಲಾಭ ಅಂತಾರೆ, ಒಳ್ಳೇದಾಗ್ಲಿ ಅಂತ, ಆಮೇಲೆ ಎರಡು, ಇವಳು ಅಜ್ಜಿ ಅಳೀವಾಗ ಚೀಲ ಹಿಡ್ಕೊಂಡು ನಿಂತು ಕಲಿತಿದ್ದು. ಹೌದಾ, ನಂಗೆ ಗೊತ್ತೇ ಇರಲಿಲ್ಲ ಅಂತ ಶೃತಿ ಮೇಡಂ ಮುಖ ಅರಳಿಸಿ ನಕ್ಕು, ಬರೆದದ್ದನ್ನು ಹೊಡೆದುಹಾಕಿ, ಬೇರೆ ಬರೆದರು. ನೋಡಿದೆಯಾ ವೇದಾ, ಬಾಯಿದ್ದವನು ಪಕ್ಕದಲ್ಲಿರಬೇಕು ಅನ್ನುವುದು ಇದಕ್ಕೇ. ನಾಲ್ಕು, ಐದು, ಆರು, ಬೆರಳು ಏಳನೇ ಮಣಿಯ ಮೇಲೆ ನಿಂತಿತು, ಮನೆಯಲ್ಲೂ ಇಲ್ಲೇ ನಿಲ್ಲುತ್ತಿದ್ದದ್ದು, ಇಲ್ಲಿಂದ ಮುಂದೆ ಒಂದು ದಿನವೂ ಹೋಗಲಿಲ್ಲ, ತುಟಿ ಅಲ್ಲಾಡುತ್ತಿದೆ, ಹಣೆಯಲ್ಲಿ ಬೆವರು — ಲಾಭ, ಅಂದಳು, ಎರಡು, ಮೂರು, ತಟ್ಟೆ ಮುಗಿಯಿತು, ಮೂರು ಮಣಿ ಅಂತ ಮುಖ ಮೇಲೆತ್ತಿ ಖುಷಿಯಾಗಿ ಹೇಳಿದಳು.

ಮೇಡಂ ಪೆನ್ನು ಎತ್ತಿದ್ದಾರೆ, ಇಳಿಸಿಲ್ಲ, ನನ್ನ ಕಡೆ ನೋಡುತ್ತಿದ್ದಾರೆ, ಇದೂನಾ ಅನ್ನುವ ಹಾಗೆ, ಆ ಗಳಿಗೆಯಲ್ಲಿ ನನ್ನ ಬಾಯಿಗೆ ಏನು ಬಂತೋ, ಅದೂ ಪದ್ಧತಿ ಮೇಡಂ, ಆರಾದ ಮೇಲೆ ನಮ್ಮ ಕಡೆ ಮತ್ತೆ ಲಾಭದಿಂದಲೇ ಶುರು ಮಾಡೋದು, ಅಂದುಬಿಟ್ಟೆ. ಹೇಳುವಾಗ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಎಲ್ಲಿದೆ ಆ ಪದ್ಧತಿ, ಯಾರ ಕಣದಲ್ಲಿದೆ, ಅವ್ವ ಕೇಳಿದರೆ ಸೇರಿನಲ್ಲೇ ತಲೆಗೆ ಕುಟ್ಟುತ್ತಾಳೆ. ಮೇಡಂ ನಂಬಿದರು, ಮೊದಲನೆಯದು ನಿಜವಾಗಿತ್ತಲ್ಲ, ಅದರ ಬಾಲ ಹಿಡಿದುಕೊಂಡು ಇದೂ ಒಳಗೆ ಹೋಯಿತು, ಇಂಟರೆಸ್ಟಿಂಗ್ ಅಂತ ಬರೆದುಕೊಳ್ಳುತ್ತಿದ್ದಾರೆ, ಎಷ್ಟು ಶ್ರದ್ಧೆಯಿಂದ ಬರೆಯುತ್ತಿದ್ದಾರೆ, ನನಗೆ ಒಳಗೆ ಹಗುರ, ಪಾಸಾಯಿತು, ಮೂರು ಜನ ಒಂದೇ ಮನೆಯಲ್ಲಿ ಇರುತ್ತೇವೆ, ಅಲ್ಲಿ ಏಳು ಎಂಟು ಕಲಿತರಾಯಿತು, ಬತ್ತದೆ, ಬತ್ತದೆ. ಪಾಪ ಪರೀಕ್ಷೆ ಮುಗಿಯಿತು ಅಂದುಕೊಂಡು ಅನುಷಾ ಮಣಿಗಳನ್ನು ಡಬ್ಬಿಗೆ ಹಾಕಲು ಶುರು ಮಾಡಿದ್ದಾಳೆ.

ಪುಟ್ಟ, ಇನ್ನೊಂದೇ ಒಂದು, ಇದು ಸುಮ್ನೆ ಮಾತಾಡಕ್ಕೆ, ಅಮ್ಮನ ಊರಿಗೆ ಯಾರ್ಯಾರು ಹೋಗ್ತೀರಿ, ಬೆರಳು ಇಟ್ಟು ತೋರಿಸ್ತೀಯಾ. ಅನುಷಾ ಡಬ್ಬಿ ಕೆಳಗಿಟ್ಟಳು, ನನ್ನ ಕಡೆ ತಿರುಗಿದಳು, ನನ್ನ ಅಂಗಿಯ ಎರಡನೇ ಗುಂಡಿಯ ಮೇಲೆ ಬೆರಳು ಒತ್ತಿದಳು, ಮಣಿಯ ಮೇಲೆ ಒತ್ತಿದಷ್ಟೇ ಗಟ್ಟಿಯಾಗಿ, ಅಪ್ಪ ಅಂದಳು. ಅಷ್ಟೇ. ಆಮೇಲೆ ಪುಟ್ಟ, ನೀನು? ಅಂದರು ಮೇಡಂ. ನಾನು ಅಜ್ಜಿ ತಾವ. ಯಾರು ಹೇಳಿದ್ರು ಹಾಗಂತ? ಅಪ್ಪ ಏಳ್ತಲ್ಲ, ನಂಗೆ ಎಣ್ಸಕ್ಕೆ ಬರ್ದಿದ್ರೆ ಅಪ್ಪ ಒಂದೇ ಓಯ್ತದಂತೆ. ಅಳುತ್ತಿಲ್ಲ, ದೂರುತ್ತಿಲ್ಲ, ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ಹಾಗೆ ಹೇಳುತ್ತಿದ್ದಾಳೆ. ಹೇಳಿದ್ದೆ, ಹೌದು, ಹೋದ ಭಾನುವಾರ ಊಟಕ್ಕೆ ಕೂತಾಗ ಅವ್ವನ ಕಾಟ ತಡೆಯಲಾರದೆ, ಆಯ್ತು ಬುಡವ್ವ, ಇವ್ಳು ಎಣ್ಸದೆ ರಿಪೋರ್ಟು ಕೆಟ್ರೆ ನಾನೊಬ್ನೇ ಓಗ್ತೀನಿ, ಅಂದೆ, ಇವಳು ಅಲ್ಲೇ ನನ್ನ ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದಳು, ಇವಳಿಗೇನು ತಿಳಿಯುತ್ತೆ ಅಂತ, ಒಂಬತ್ತು ವರ್ಷದಿಂದ ಇವಳ ಮುಂದೆಯೇ ಎಲ್ಲಾ ಮಾತಾಡಿದ್ದೇವೆ, ಗೋಡೆಯ ಮುಂದೆ ಮಾತಾಡಿದ ಹಾಗೆ, ಅಯ್ಯೋ ಅದೆಷ್ಟು ಮಾತು. ಇನ್ನೊಂದು ಸೌಟು ಸಾರು ಹಾಕಜ್ಜಿ ಅಂತ ಕೇಳಿದ್ದಳು ಆಗ, ಅಷ್ಟೇ ಕೇಳಿದ್ದು.

ಅಂಬರೀಶ್, ಅಂದರು ಶೃತಿ ಮೇಡಂ, ದನಿ ಮೆತ್ತಗಿದೆ, ಆರಾದ ಮೇಲೆ ಮತ್ತೆ ಮೊದಲಿಂದ ಎಣಿಸೋದು, ಅದು ನಿಜವಾಗ್ಲೂ ಪದ್ಧತಿನಾ? ಸರಿ ಅನ್ನು, ಹೌದು ಅನ್ನು, ನಾಲಿಗೆ ತುದಿಯಲ್ಲೇ ಇದೆ, ಒಂದು ಹೌದು ಅಂದರೆ ಆಯಿತು — ಇಲ್ಲ ಮೇಡಂ, ಅಂದೆ, ಆರಾದ ಮೇಲೆ ಇವಳಿಗೆ ಬರಲ್ಲ, ನಾನು ಸುಳ್ಳು ಹೇಳ್ದೆ, ಬರಲ್ಲ ಅಂತಲೇ ಬರ್ಕೊಳ್ಳಿ, ಬಟ್ಟೆ ಗುಂಡಿ ಹಾಕ್ಕೊಳ್ಳಕ್ಕೆ ಬರಲ್ಲ, ದಾರಿ ದಾಟಕ್ಕೆ ಬರಲ್ಲ, ಕೇಳಿಸಿಕೊಳ್ಳಕ್ಕೆ ಬರುತ್ತೆ, ಅದನ್ನೂ ಬರ್ಕೊಳ್ಳಿ. ಪೆನ್ನು ಓಡುತ್ತಿದೆ, ಓಡಲಿ, ವೀಸಾ ಕೊಡುತ್ತಾರೋ ಬಿಡುತ್ತಾರೋ, ಕೊಡದಿದ್ದರೆ ವೇದಾ ವಾಪಸ್ ಬರುತ್ತಾಳೋ, ನಾನು ವಾಲ್ವು ತಿರುಗಿಸಿಕೊಂಡು ಇಲ್ಲೇ ಇರುತ್ತೇನೋ, ಇವಳನ್ನು ಬಿಟ್ಟು ಮಾತ್ರ ಹೋಗಲ್ಲ, ಅದನ್ನು ಇವಳಿಗೆ ಹೇಳಬೇಕು, ಹೆಂಗೆ ಹೇಳಲಿ, ಇಷ್ಟು ದಿನ ಹೇಳಿದ್ದನ್ನು ಕೇಳಿಸಿಕೊಂಡವಳು ಇದನ್ನು ಯಾಕೆ ನಂಬಬೇಕು, ನೀನೂ ಇದೀಯ ಅನುಷಾ, ನಿನ್ನ ಮೇಲೂ ಇಡು, ಎಣಿಸು ಇನ್ನೊಂದ್ಸಲ ಅಂತ ಅವಳ ಕೈ ಹಿಡಿದುಕೊಂಡಿದ್ದೇನೆ, ನನ್ನ ಎದೆಯ ಮೇಲೆ ಆ ಬೆರಳು ಇನ್ನೂ ಅಲ್ಲೇ ಇದೆ, ಎರಡನೇ ಗುಂಡಿಯ ಮೇಲೆ, ತಿರುಗಿಸುತ್ತಿದ್ದೇನೆ, ಅವಳ ಕಡೆಗೆ, ತಿರುಗುತ್ತಿಲ್ಲ, ಬೆರಳು ತಿರುಗುತ್ತಿಲ್ಲ.