ತಿರುವಿದ ಚೀಲ

ಅಗ್ನಿಶಿಖೆ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿದರೇನೇ ಕಾಯಿ ಚೆನ್ನಾಗಿ ಕಚ್ಚುವುದು. ಆರು ವರ್ಷ ತೋಟದಲ್ಲಿ ಆ ಕೆಲಸ ಮಾಡಿದವಳು ಈಗ ಷೆಡ್ಡಿನಲ್ಲಿ ಕೂತು ಒಣಗಿದ ಕಾಯಿ ಸುಲಿಯುತ್ತಿದ್ದಳು. ಬೀಜ ಕೀಲುನೋವಿನ ಮಾತ್ರೆಗೆ ಹೋಗುತ್ತಿತ್ತು.

"ಔಷಧಿ ಕಣಮ್ಮಾ, ಮುಟ್ಟಿದ್ರೆ ಪುಣ್ಯ!" ಎಂದು ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದ. ಬೀಜ ತುಂಬುವ ಚೀಲಗಳನ್ನು ಮಾತ್ರ ತಾನೇ ಒಳಗು ಹೊರಗು ಮಾಡಿ ಕೊಡುತ್ತಿದ್ದ. ಯಾಕೆಂದು ಕೇಳಿದರೆ, ಧೂಳು ಎನ್ನುತ್ತಿದ್ದ.

ಹರಿದ ಚೀಲವೊಂದನ್ನು ಅವಳು ಮನೆಗೆ ತಂದು ಮಗಳಿಗೆ ಹಾಸಿದ್ದಳು. ಹಲ್ಲು ಮೂಡುತ್ತಿದ್ದ ಮಗು ಅದರ ಅಂಚನ್ನೇ ಚೀಪುತ್ತಿತ್ತು. ಭಾನುವಾರ ಒಗೆಯಲೆಂದು ನಾದಿನಿ ಅದನ್ನು ತಿರುವಿದಳು.

"ಅತ್ತಿಗೆ, ನಿಮ್ಮ ಮೇಸ್ತ್ರಿ ಫೋಟೋ ನೋಡು ಬಾ!"

ಹಲ್ಲು ಕಿರಿದ ಕೆಂಪು ತಲೆಬುರುಡೆ. ಕೆಳಗಿನ ಅಕ್ಷರ ಓದುತ್ತಿದ್ದಂತೆ ನಾದಿನಿಯ ನಗು ಬತ್ತಿತು. ಅಗ್ನಿಶಿಖೆ ಬೀಜ, ವಿಷ. ಬರಿಗೈಯಲ್ಲಿ ಮುಟ್ಟಬಾರದು. ಮಕ್ಕಳಿಂದ ದೂರವಿಡಿ.

ತಾಯಿ ಹಾರಿಹೋಗಿ ಮಗುವಿನ ಬಾಯಿಗೆ ಬೆರಳು ಹಾಕಲು ಹೊರಟವಳು, ವಾರವಿಡೀ ಆ ಬೀಜವನ್ನು ಸುಲಿದದ್ದು ಇವೇ ಬೆರಳುಗಳೆಂದು ಹೊಳೆದು ಅಲ್ಲೇ ಮರಗಟ್ಟಿದಳು. ಎರಡು ತಿಂಗಳಿಂದ ಮಗುವಿಗೆ ತುತ್ತು ಕಲಸಿದ್ದೂ ಇವೇ.

"ನೀನೇ ಮಗೂ ಬಾಯಿ ತೊಳಿಯೇ," ಎಂದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ. "ನೀನೇ ಎತ್ಕೋ. ಆಸ್ಪತ್ರೆಗೆ ನಡಿ. ಆ ಚೀಲ ಒಗೀಬೇಡ, ಅದನ್ನ ನಾನು ತರ್ತೀನಿ."