ಅಮಾವಾಸ್ಯೆಯ ತಾರೀಖು

ನಾನೊಂದು ಕಬ್ಬಿಣದ ಅಚ್ಚು. ಹುಬ್ಬಳ್ಳಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದೆ. ಉದ್ದ, ಅಗಲ, ಎತ್ತರ ಮೂರೂ ಆರಾರು ಇಂಚು. ಕಟ್ಟಡಕ್ಕೆ ಹಾಕುವ ಕಾಂಕ್ರೀಟನ್ನೇ ನನ್ನೊಳಗೂ ತುಂಬುತ್ತಾರೆ. ಗಟ್ಟಿಯಾಗಿ ಹೊರಬಂದದ್ದಕ್ಕೆ ಕ್ಯೂಬ್ ಎಂದು ಹೆಸರು. ಅದನ್ನು ನೀರಲ್ಲಿ ನೆನೆಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಅದು ತಡೆದರೆ ಕಟ್ಟಡವೂ ತಡೆಯುತ್ತದೆ ಎಂಬ ನಂಬಿಕೆ. ನನಗೆ ಇದರ ಜಂಬ ಬಹಳ ಇತ್ತು.

ಗುತ್ತಿಗೆದಾರ ವಿರೂಪಾಕ್ಷಪ್ಪ ನನ್ನನ್ನು ಕೊಂಡು, ಆ ಜಂಬವನ್ನು ಒಂದೇ ವಾರದಲ್ಲಿ ಇಳಿಸಿದ. ಶಾಲೆಯ ಅಂಗಳದಲ್ಲಿ ಅವನು ನೀರಿನ ಟಾಕಿ ಕಟ್ಟಿಸುತ್ತಿದ್ದ. ಕಂಬಗಳಿಗೆ ಬರೀ ಮರಳು, ಸಿಮೆಂಟು ಹೆಸರಿಗೆ ಮಾತ್ರ. ನನಗಾದರೋ ಅವನ ಮನೆಯ ಹಿತ್ತಲಲ್ಲಿ, ಗಾರೆ ಕೆಲಸದ ಗೌಂಡಿ ದುರ್ಗಪ್ಪನ ಕೈಯಿಂದ ಹಬ್ಬದಡುಗೆಯಂಥ, ಸಿಮೆಂಟು ತುಂಬಿದ ಮಾಲು! ಕಂಬಕ್ಕೆ ಕಾಂಕ್ರೀಟು ಹಾಕಿದ ದಿನವೆಂದು ಧಣಿ ಚೀಟಿಯಲ್ಲಿ ಬರೆದುಕೊಟ್ಟ ತಾರೀಖನ್ನು ದುರ್ಗಪ್ಪ ಹಸಿ ಕಾಂಕ್ರೀಟಿನ ಮೇಲೆ ಮೊಳೆಯಿಂದ ಗೀಚಿದ. ಗೀಚಿ ಮುಖ ಆಚೆ ತಿರುಗಿಸಿದ. ನನಗೂ ನಾಚಿಕೆಯಾಯಿತು.

ಕ್ಯೂಬುಗಳನ್ನು ಪರೀಕ್ಷೆಗೆ ಕಳಿಸುವ ದಿನ ಸರಕಾರಿ ಇಂಜಿನಿಯರ್ ನೀಲಾಂಬಿಕಾ ಬಂದರು. ಒಂದನ್ನೆತ್ತಿ ತಾರೀಖು ಓದಿದರು. ಮತ್ತೊಮ್ಮೆ ಓದಿದರು.

"ಗೌಂಡ್ಯಾರ, ಹದಿನೇಳಕ್ಕ ಅಮಾಸಿ ಇತ್ತಲ್ರಿ. ಅಮಾಸಿ ದಿನ ಸಲಿಕಿ ಯಾವಾಗಿಂದ ಮುಟ್ಟಾಕತ್ತೀರಿ?"

ನಮ್ಮ ಕಡೆ ಅಮಾವಾಸ್ಯೆಗೆ ಗೌಂಡಿಗಳು ಕೆಲಸಕ್ಕೆ ಬರುವುದಿಲ್ಲ, ಧಣಿ ಕಾಲು ಹಿಡಿದರೂ ಇಲ್ಲ. ಚೀಟಿ ಬರೆಯುವಾಗ ವಿರೂಪಾಕ್ಷಪ್ಪ ಕ್ಯಾಲೆಂಡರು ನೋಡಿರಲಿಲ್ಲ. ಈಗ ದುರ್ಗಪ್ಪನನ್ನೇ ದುರುಗುಟ್ಟಿ ನೋಡುತ್ತ ನಿಂತ. ಮುಟ್ಟಿದೆ ಎಂದರೆ ಟಾಕಿ ಆ ಕಂಬಗಳ ಮೇಲೇ ಏರುತ್ತದೆ, ಮಕ್ಕಳ ತಲೆಯ ಮೇಲೆ. ಇಲ್ಲವೆಂದರೆ ದುರ್ಗಪ್ಪನ ಅನ್ನಕ್ಕೆ ಕಲ್ಲು.

"ಮುಟ್ಟಿಲ್ರಿ ಮೇಡಂ," ಎಂದ ದುರ್ಗಪ್ಪ. "ಇವು ಧಣ್ಯಾರ ಹಿತ್ತಲದಾಗ ಮಾಡಿದ್ವು. ಕಂಬದ ಮಾಲು ಬ್ಯಾರೆ ಐತ್ರಿ."

ಕಂಬಗಳನ್ನು ಒಡೆಸಿದರು. ಗುತ್ತಿಗೆ ರದ್ದಾಯಿತು. ದುರ್ಗಪ್ಪನಿಗೆ ಬಹಳ ದಿನ ಯಾರೂ ಕೆಲಸ ಕೊಡಲಿಲ್ಲ. ಸಾಕ್ಷಿಗೆಂದು ಒಯ್ದಿದ್ದ ನನ್ನನ್ನು ನೀಲಾಂಬಿಕಾ ಹೊಸ ಗುತ್ತಿಗೆದಾರನ ಮಿಕ್ಸರಿನ ಪಕ್ಕದಲ್ಲೇ ಇಟ್ಟರು. ಊರವರ ಎದುರಿಗೆ, ಕಂಬಕ್ಕೆ ಹೋಗುವ ಬುಟ್ಟಿಯಿಂದಲೇ ನನಗೂ ತುಂಬಿಸಿದರು. ಆಗ ನನಗೆ ಜೀವ ಬಂದಂತಾಯಿತು.

ಈಗ ನನ್ನ ಮೂಲೆಗಳು ಸವೆದಿವೆ, ಅಳತೆ ತಪ್ಪಿದೆ. ನೀಲಾಂಬಿಕಾ ಅವರ ಕಚೇರಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿ ಕೂತಿದ್ದೇನೆ. ಗುತ್ತಿಗೆದಾರರು ನನ್ನನ್ನು ಎಡವಿ ಬೈಯುತ್ತಾರೆ. ಬೈಯಲಿ.

ಮೊನ್ನೆ ದುರ್ಗಪ್ಪ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಬಗ್ಗಿ ನನ್ನ ಮೈ ಸವರಿ, "ಶಾಲಿ ಹುಡುಗ್ರು ಈಗ ಟಾಕಿ ನೆರಳಾಗ ಕುಂತು ಉಣ್ತಾವ ನೋಡು," ಎಂದ.

ನನ್ನೊಳಗೆ ಸುಳ್ಳು ತುಂಬಿದ ಕೈ ಅದೇ. ಆದರೂ ಇನ್ನಷ್ಟು ಹೊತ್ತು ನನ್ನ ಮೇಲೇ ಇರಲಿ ಅನ್ನಿಸಿತು.